ಉತ್ಸರ್ಗ ಸಮಿತಿ ಮತ್ತು ಕಡಲ ಪ್ಲಾಸ್ಟಿಕ್

ನೀರನ್ನು ಸೋಸಿ ಕುಡಿಯುವುದು ಜೈನ ಗೃಹಸ್ಥನ ಗುರುತುಗಳಲ್ಲಿ ಒಂದು. ಆದರೆ ನಮ್ಮ ಹಿರಿಯರು ಸೋಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯುತ್ತಿರಲಿಲ್ಲ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ಸೇದಿದ ಬಾವಿಗೇ, ಮೇಲಿನಿಂದ ಸುರಿಯದೆ, ಕೊಡವನ್ನು ಕೆಳಗಿಳಿಸಿ ಮೆಲ್ಲನೆ ಬಿಡುತ್ತಿದ್ದರು. ಒಂದು ಬಾವಿಯ ಜೀವಿಗೆ ಇನ್ನೊಂದು ಬಾವಿಯ ನೀರು ಒಗ್ಗದಿರಬಹುದು ಎಂಬ ವಿವೇಕ ಅದರ ಹಿಂದಿತ್ತು. ಪಡೆಯುವಾಗ ಇರುವಷ್ಟೇ ಎಚ್ಚರ ಬಿಡುವಾಗಲೂ ಇರಬೇಕೆಂಬುದು ಈ ಆಚರಣೆಯ ಹೃದಯ. ಇಂದು ಸೋಸುವ ರೂಢಿ ಹಲವು ಮನೆಗಳಲ್ಲಿ ಉಳಿದಿದೆ. ಬಿಡುವ ವಿವೇಕ ಉಳಿದಿದೆಯೇ ಎಂಬುದು ಪ್ರಶ್ನೆ.

ಈ ಪ್ರಶ್ನೆಯನ್ನು ನಾನು ಇತರರಿಗೆ ಕೇಳುವ ಮೊದಲು ನನಗೇ ಕೇಳಿಕೊಳ್ಳಬೇಕಾದ ಪ್ರಸಂಗವೊಂದು ಒದಗಿತ್ತು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಊರಿನ ಬಸದಿಯ ವಾರ್ಷಿಕೋತ್ಸವದಲ್ಲಿ ಊಟೋಪಚಾರದ ಹೊಣೆ ನನ್ನ ಮೇಲಿತ್ತು. ಬಂದವರೆಲ್ಲರಿಗೂ ಸೋಸಿ ಕಾಯಿಸಿದ ನೀರನ್ನೇ ಕೊಡಬೇಕೆಂದು ಕಟ್ಟುನಿಟ್ಟು ಮಾಡಿದ್ದೆ. ಆ ನೀರನ್ನು ಹಂಚಿದ್ದು ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟಗಳಲ್ಲಿ. ಮರುದಿನ ಅವೆಲ್ಲವನ್ನೂ ಹೊಳೆಯ ದಂಡೆಯ ಹೊಂಡವೊಂದಕ್ಕೆ ಹಾಕಿಸಿ, ಅಂಗಳ ಸ್ವಚ್ಛವಾಯಿತೆಂದು ಸಮಾಧಾನಪಟ್ಟೆ. ಮಳೆಗಾಲ ಕಳೆದು ಹೋಗಿ ನೋಡಿದಾಗ ಹೊಂಡದಲ್ಲಿ ಒಂದು ಲೋಟವೂ ಇರಲಿಲ್ಲ. ಹೊಳೆ ಎಲ್ಲವನ್ನೂ ಕೊಂಡೊಯ್ದಿತ್ತು. ಯಾರೂ ನನ್ನನ್ನು ಕೇಳಲಿಲ್ಲ. ಅಂತಹ ಲೋಟಗಳನ್ನು ಬಳಸಬಾರದೆಂಬ ನಿಷೇಧವೂ ಅಂದು ನಮ್ಮಲ್ಲಿರಲಿಲ್ಲ. ಹಾಗಾದರೆ ನಾನು ತಪ್ಪು ಮಾಡಿದೆನೇ?

ಕರಾವಳಿಯ ಹೊಳೆಗಳು ಹೆಚ್ಚು ದೂರ ಹರಿಯುವುದಿಲ್ಲ. ಘಟ್ಟದಲ್ಲಿ ಹುಟ್ಟಿ, ತೋಟ, ಊರು, ಪೇಟೆಗಳನ್ನು ದಾಟಿ ಬೇಗನೆ ಸಮುದ್ರ ಸೇರುತ್ತವೆ. ಕ್ರಿ.ಶ. 1604ರಲ್ಲಿ ವೇಣೂರಿನಲ್ಲಿ ಬಾಹುಬಲಿ ಸ್ವಾಮಿಯ ಮೂರ್ತಿ ಪ್ರತಿಷ್ಠೆಗೊಂಡದ್ದು ಫಲ್ಗುಣಿಯ ದಂಡೆಯಲ್ಲಿ. ಅದೇ ಫಲ್ಗುಣಿ ಗುರುಪುರದ ಹೊಳೆಯಾಗಿ ಮಂಗಳೂರಿಗೆ ಬಂದು, ನೇತ್ರಾವತಿಯೊಡನೆ ಕೂಡಿ ಅಳಿವೆಯಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಒಳನಾಡಿನಲ್ಲಿ ಕೈಬಿಟ್ಟ ವಸ್ತುವಿಗೆ ಕಡಲು ದೂರವಲ್ಲ. ಅಲ್ಲಿಗೆ ಹೋದ ಪ್ಲಾಸ್ಟಿಕ್ ಎಲೆಯಂತೆ ಕೊಳೆತು ಮಣ್ಣಾಗುವುದಿಲ್ಲ. ಬಿಸಿಲಿಗೂ ಅಲೆಗೂ ಸಿಕ್ಕಿ ಒಡೆದು, ಚೂರಾಗಿ, ಕಣವಾಗಿ ಉಳಿಯುತ್ತದೆ. ತೇಲುವ ಚೀಲವನ್ನು ಅಂಬಲಿ ಮೀನೆಂದು ಬಗೆದು ಕಡಲಾಮೆ ನುಂಗುತ್ತದೆ. ಚೂರುಗಳನ್ನು ಹಕ್ಕಿಗಳೂ ಮೀನುಗಳೂ ಆಹಾರವೆಂದು ತಿನ್ನುತ್ತವೆ. ಹರಿದು ಬಿಟ್ಟ ನೈಲಾನ್ ಬಲೆಗಳು ಹಿಡಿಯುವವನಿಲ್ಲದಿದ್ದರೂ ಜೀವಿಗಳನ್ನು ಹಿಡಿಯುತ್ತಲೇ ಇರುತ್ತವೆ. ಮೀನನ್ನು ಮುಟ್ಟದ ಮನೆತನವೆಂದು ಹೇಳಿಕೊಳ್ಳುವ ನಾವು, ಮೀನನ್ನು ತಿನ್ನದೆಯೇ ಕೊಲ್ಲುವ ದಾರಿಯೊಂದನ್ನು ಕಂಡುಕೊಂಡಂತಾಗಿದೆ. ಈ ಮಾತು ಕಟುವೆನಿಸಬಹುದು. ಆದರೆ ಇದನ್ನು ತಪ್ಪಿಸಿಕೊಂಡು ಮುಂದೆ ಹೋಗುವಂತಿಲ್ಲ.

ಈಗ ಸರ್ಕಾರ ಮಾಡಿರುವುದೇನೆಂದು ನೋಡೋಣ. 1991ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಡಿಸಿ, ಉಬ್ಬರದ ಗೆರೆಯಿಂದ 500 ಮೀಟರ್‌ವರೆಗಿನ ತೀರವನ್ನು ನಿಯಂತ್ರಣಕ್ಕೊಳಪಡಿಸಿತು. ಪಟ್ಟಣಗಳ ಕಸವನ್ನು ಅಲ್ಲಿ ಸುರಿಯುವುದನ್ನು ನಿಷೇಧಿಸಿತು. 2011 ಮತ್ತು 2019ರಲ್ಲಿ ಹೊಸ ಅಧಿಸೂಚನೆಗಳು ಬಂದವು. ಹಡಗುಗಳಿಂದ ಸಮುದ್ರಕ್ಕೆ ಪ್ಲಾಸ್ಟಿಕ್ ಎಸೆಯಬಾರದೆಂಬ ಅಂತಾರಾಷ್ಟ್ರೀಯ ಕಟ್ಟಳೆ 1988ರ ಡಿಸೆಂಬರ್ ಕೊನೆಯಿಂದ ಜಾರಿಯಲ್ಲಿದೆ. ಕೈಚೀಲಗಳ ವಿಷಯದಲ್ಲಿ ಕಾನೂನು ದಪ್ಪದ ಲೆಕ್ಕ ಹಿಡಿಯಿತು. 1999ರ ನಿಯಮಗಳಲ್ಲಿ ಕನಿಷ್ಠ 20 ಮೈಕ್ರಾನ್ ಎಂದಿದ್ದುದು 2011ರಲ್ಲಿ 40, 2016ರಲ್ಲಿ 50, 2021ರ ಸೆಪ್ಟೆಂಬರ್ ಕೊನೆಯಿಂದ 75, 2022ರ ಡಿಸೆಂಬರ್ ಕೊನೆಯಿಂದ 120 ಮೈಕ್ರಾನ್ ಆಯಿತು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ದಪ್ಪ ಹೆಚ್ಚಿದರೆ ಬೆಲೆ ಹೆಚ್ಚುತ್ತದೆ, ಬಿಟ್ಟಿಯಾಗಿ ಹಂಚುವುದು ಕಡಮೆಯಾಗುತ್ತದೆ, ಆಯ್ದು ಮರುಬಳಸುವುದು ಸುಲಭವಾಗುತ್ತದೆ ಎಂಬುದು ಇದರ ತರ್ಕ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಬಾವುಟ, ಫ್ಲೆಕ್ಸ್ ಮೊದಲಾದವನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳು ದೇಶಾದ್ಯಂತ ನಿಷಿದ್ಧವಾದವು. ಆ ಪಟ್ಟಿಯಲ್ಲಿ ಲೋಟ, ತಟ್ಟೆಗಳಲ್ಲದೆ ಅಲಂಕಾರದ ಥರ್ಮಾಕೋಲ್, ಸಿಹಿತಿಂಡಿಯ ಪೆಟ್ಟಿಗೆಗೂ ಆಮಂತ್ರಣ ಪತ್ರಿಕೆಗೂ ಸುತ್ತುವ ಹಾಳೆಗಳು ಸೇರಿವೆ. ಇವೆಲ್ಲ ನಮ್ಮ ಉತ್ಸವಗಳ ಸಾಮಗ್ರಿಗಳೇ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಇದ್ದರೂ ಕಾನೂನಿನ ದೃಷ್ಟಿಗೆ ಒಂದು ಮಿತಿಯುಂಟು. ಪರಿಸರ ಸಂರಕ್ಷಣಾ ನಿಯಮಗಳು ಕರಾವಳಿಯ ನೀರನ್ನು ಐದು ವರ್ಗಗಳಾಗಿ ವಿಂಗಡಿಸುತ್ತವೆ. ಉಪ್ಪಿನ ಗದ್ದೆ ಹಾಗೂ ಜಲಕೃಷಿಯದು ಒಂದು, ಸ್ನಾನ ಹಾಗೂ ಮೀನುಗಾರಿಕೆಯದು ಇನ್ನೊಂದು, ಕಾರ್ಖಾನೆಯ ಯಂತ್ರ ತಂಪಾಗಿಸುವುದು ಮತ್ತೊಂದು, ಬಳಿಕ ಬಂದರು, ನೌಕಾಸಂಚಾರ ಹೀಗೆ. ಸೂಕ್ಷ್ಮ ಜೀವಿಪ್ರದೇಶಗಳಿಗೆ ಮೊದಲ ವರ್ಗದಲ್ಲಿ ಸ್ಥಾನವಿದೆ, ನಿಜ. ಆದರೂ ನೀರಿನ ಮೇಲೆ ತೇಲುವ ವಸ್ತು ಆ ನೀರಿನ ಉದ್ದಿಷ್ಟ ಬಳಕೆಗೆ ಬಾಧಕವಾಗಬಾರದು ಎಂಬಲ್ಲಿ ಅಳತೆಗೋಲು ಮುಖ್ಯವಾಗಿ ಬಳಕೆಯೇ. ಜೈನ ದರ್ಶನ ನೀರನ್ನು ನೋಡುವ ಬಗೆ ಬೇರೆ. ನೀರೇ ಅಪ್ಕಾಯಿಕ ಜೀವಗಳ ಶರೀರ. ಅದನ್ನು ಆಶ್ರಯಿಸಿ ಎರಡಿಂದ್ರಿಯದಿಂದ ಹಿಡಿದು ಪಂಚೇಂದ್ರಿಯದ ಕಡಲಾಮೆಯವರೆಗೆ ಅಸಂಖ್ಯಾತ ತ್ರಸಜೀವಿಗಳಿವೆ. ನಮಗೆ ಉಪಯೋಗವಿಲ್ಲದ ನೀರೆಂಬುದು ಇರಬಹುದು. ಜೀವಿಯಿಲ್ಲದ ಕಡಲೆಂಬುದು ಇಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಲೋಟವನ್ನು ಎಸೆದವನಿಗೆ ಆಮೆಯನ್ನು ಕೊಲ್ಲುವ ಸಂಕಲ್ಪವಿರಲಿಲ್ಲ. ಯಾರ ಲೋಟ ಯಾವ ಜೀವಿಯನ್ನು ಕೊಂದಿತೆಂದು ತಿಳಿಯುವಂತೆಯೂ ಇಲ್ಲ. ಹೀಗಿರುವಾಗ ಇದು ಹಿಂಸೆ ಹೇಗಾದೀತು? ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ದ್ವೇಷವನ್ನಲ್ಲ, ಪ್ರಮಾದವನ್ನು ಮುಂದಿಟ್ಟಿದ್ದಾರೆ. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಎಚ್ಚರದಿಂದ ನಡೆಯುವವನಿಂದ ಅಕಸ್ಮಾತ್ತಾಗಿ ಜೀವಹಾನಿಯಾದರೂ ಅವನಿಗೆ ಹಿಂಸೆಯ ದೋಷ ತಟ್ಟದು. ಪ್ರಮಾದದಿಂದ ನಡೆಯುವವನಿಗೆ ಯಾವ ಜೀವಿ ಸಾಯದಿದ್ದರೂ ದೋಷ ತಪ್ಪದು ಎಂಬುದು ಅದರ ತಾತ್ಪರ್ಯ. ಆದುದರಿಂದ ನನ್ನ ಲೋಟಕ್ಕೆ ಸಿಕ್ಕ ಜೀವಿ ಯಾವುದೆಂದು ಹುಡುಕುವ ಅಗತ್ಯವೇ ಇಲ್ಲ. ಹೊಳೆಯ ದಂಡೆಯಲ್ಲಿ ಅದನ್ನು ಬಿಡುವಾಗ ನನ್ನಲ್ಲಿ ಎಚ್ಚರವಿರಲಿಲ್ಲ. ನನ್ನ ಪ್ರಶ್ನೆಗೆ ಉತ್ತರ ಅಲ್ಲಿಯೇ ದೊರಕಿತು.

ಇನ್ನೊಂದು ಆಕ್ಷೇಪ ಇದಕ್ಕೆ ವಿರುದ್ಧ ದಿಕ್ಕಿನದು. ಧರ್ಮ ಒಳಗಿನಿಂದ ಮೂಡಬೇಕು, ದಂಡದ ಭಯದಿಂದಲ್ಲ. ಆದುದರಿಂದ ವ್ರತ ಹಿಡಿದವನಿಗೆ ಸರ್ಕಾರದ ಮೈಕ್ರಾನ್ ಲೆಕ್ಕ ಏಕೆ ಎಂದು ಕೆಲವರು ಕೇಳುತ್ತಾರೆ. ಈ ಮಾತಿನಲ್ಲಿ ಅಹಂಕಾರದ ಛಾಯೆಯಿದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು. ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದೆಂದು ಅದರ ಅರ್ಥ. ಅಳತೆ-ತೂಕದಲ್ಲಿ ಮೋಸ ಮಾಡುವುದೂ, ಒಂದನ್ನು ಇನ್ನೊಂದೆಂದು ತೋರಿಸಿ ಮಾರುವುದೂ ಅದೇ ಪಟ್ಟಿಯಲ್ಲಿವೆ. ತೆಳುವಾದ ಚೀಲದ ಮೇಲೆ 120 ಮೈಕ್ರಾನ್ ಎಂದು ಅಚ್ಚುಹಾಕಿ ಮಾರುವವನು ಸರ್ಕಾರಕ್ಕೆ ಮಾತ್ರ ತಪ್ಪಿತಸ್ಥನಲ್ಲ. ಅವನು ಶ್ರಾವಕನಾಗಿದ್ದರೆ ಅವನ ವ್ರತಕ್ಕೂ ಕುಂದು ಬಂದಿದೆ. ವ್ಯಾಪಾರವನ್ನೇ ವೃತ್ತಿಯಾಗಿ ಉಳ್ಳ ಅನೇಕ ಕುಟುಂಬಗಳಿರುವ ಸಮಾಜ ನಮ್ಮದು. ಈ ಮಾತು ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯವರೆಗೂ ಬರಬೇಕು.

ಅಲ್ಲದೆ ವ್ರತದಿಂದ ಆಗದ ಕೆಲಸವೊಂದು ಕಾನೂನಿನಿಂದ ಆಗುತ್ತದೆ. ನನ್ನ ನಿಯಮ ನನ್ನ ಕೈಯನ್ನು ಕಟ್ಟಬಲ್ಲುದು. ದೂರದ ಕಾರ್ಖಾನೆಯನ್ನು ಕಟ್ಟಲಾರದು. 2025ರ ಮೇ ತಿಂಗಳಲ್ಲಿ ಕೇರಳದ ಕಡಲಿನಲ್ಲಿ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಮುಳುಗಿದಾಗ ಪ್ಲಾಸ್ಟಿಕ್ ತಯಾರಿಕೆಯ ಸಣ್ಣ ಕಾಳುಗಳು ತೀರಕ್ಕೆ ಬಂದು ಬಿದ್ದವು. ಅವನ್ನು ಮರಳಿನಿಂದ ಆರಿಸಬೇಕಾದವರು ತೀರದ ಜನ. ಇಂತಹ ಹಾನಿಗೆ ಹೊಣೆಗಾರರನ್ನು ಕರೆದು ನಿಲ್ಲಿಸಲು ರಾಜ್ಯಶಕ್ತಿಯೇ ಬೇಕು. ತಯಾರಕರೇ ತಮ್ಮ ಹೊದಿಕೆಗಳನ್ನು ಮರಳಿ ಸಂಗ್ರಹಿಸುವ ಹೊಣೆ ಹೊರಬೇಕೆಂದು 2016ರ ನಿಯಮಗಳೂ 2022ರ ಫೆಬ್ರವರಿಯ ಮಾರ್ಗಸೂಚಿಯೂ ಹೇಳುತ್ತವೆ. ಇದು ನ್ಯಾಯವಾದುದು. ಏಕೆಂದರೆ ದಂಡದ ಭಾರ ಬೀದಿಬದಿಯ ತರಕಾರಿ ಮಾರುವವಳ ಮೇಲೂ, ಬಲೆಗೆ ಮೀನಿನೊಡನೆ ಕಸವನ್ನೂ ಎಳೆದು ತರುವ ಮೊಗವೀರರ ಮೇಲೂ ಬಿದ್ದು, ಲಾಭ ಪಡೆದವನು ದೂರ ಉಳಿದರೆ ಅದು ಧರ್ಮವೂ ಅಲ್ಲ, ಒಳ್ಳೆಯ ಆಡಳಿತವೂ ಅಲ್ಲ.

ಹಾಗಾದರೆ ಕಾನೂನು ಮತ್ತು ವ್ರತ ಕೂಡುವ ಸ್ಥಳ ಯಾವುದು? ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಕೊನೆಯ ಎರಡನ್ನು ನೆನೆಯೋಣ. ವಸ್ತುವನ್ನು ಎತ್ತಿಕೊಳ್ಳುವಾಗಲೂ ಇಡುವಾಗಲೂ ನೋಡಿ, ಪಿಂಛಿಯಿಂದ ಸವರಿ ನಡೆದುಕೊಳ್ಳುವುದು ಆದಾನನಿಕ್ಷೇಪಣ ಸಮಿತಿ. ಬಿಡಬೇಕಾದುದನ್ನು ಜೀವರಹಿತವಾದ ಸ್ಥಳದಲ್ಲಿ ಮಾತ್ರ ಬಿಡುವುದು ಉತ್ಸರ್ಗ ಸಮಿತಿ. ಗೃಹಸ್ಥನಿಗೆ ಇವು ಪೂರ್ಣವಾಗಿ ವಿಧಿಸಲ್ಪಟ್ಟಿಲ್ಲವಾದರೂ ಶಕ್ತ್ಯನುಸಾರ ಅಭ್ಯಾಸ ಮಾಡುವುದು ಶ್ರೇಯಸ್ಕರ. ಇಲ್ಲಿ ಆದಾನ ಮೊದಲು ಬಂದು ಉತ್ಸರ್ಗ ಬಳಿಕ ಬಂದಿದೆ ಎಂಬುದನ್ನು ಗಮನಿಸಬೇಕು. ಕಾನೂನು ಬಹುಮಟ್ಟಿಗೆ ಉತ್ಸರ್ಗದ ಕಡೆಯಿಂದ ಹೊರಟು, ಕಸ ಎಲ್ಲಿ ಬೀಳಬಾರದೆಂದು ಹೇಳುತ್ತ, ನಿಧಾನವಾಗಿ ಆದಾನದ ಕಡೆಗೆ ಬರುತ್ತಿದೆ. ಜಗತ್ತಿನ ರಾಷ್ಟ್ರಗಳ ಜಗಳವೂ ಇಲ್ಲಿಯೇ ನಿಂತಿದೆ. ಪ್ಲಾಸ್ಟಿಕ್ ಮಾಲಿನ್ಯದ ಬಗ್ಗೆ ಒಪ್ಪಂದವೊಂದನ್ನು ಮಾಡಬೇಕೆಂದು 2022ರ ಮಾರ್ಚ್‌ನಲ್ಲಿ ನೈರೋಬಿಯಲ್ಲಿ ನಿರ್ಣಯವಾಯಿತು. ಆದರೆ 2024ರಲ್ಲಿ ಬುಸಾನ್‌ನಲ್ಲಿಯೂ 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿಯೂ ಸೇರಿದ ಸಭೆಗಳು ಒಮ್ಮತವಿಲ್ಲದೆ ಮುಗಿದವು. ತಯಾರಿಕೆಗೇ ಮಿತಿ ಹಾಕಬೇಕೆ, ಕಸದ ವಿಲೇವಾರಿ ಸರಿಯಾದರೆ ಸಾಕೆ ಎಂಬುದು ಅಲ್ಲಿನ ಮುಖ್ಯ ವಿವಾದಗಳಲ್ಲಿ ಒಂದು.

ರಾಷ್ಟ್ರಗಳು ಒಪ್ಪುವವರೆಗೆ ಕಾಯಬೇಕಾದ ಅಗತ್ಯ ಶ್ರಾವಕನಿಗಿಲ್ಲ. ನನಗೆ ತೋಚಿದ ನಿಯಮ ಇಷ್ಟೇ: ಯಾವ ವಸ್ತುವನ್ನು ನಿರ್ದೋಷವಾಗಿ ಬಿಡಲು ಸ್ಥಳವಿಲ್ಲವೋ, ಅದನ್ನು ಅನಿವಾರ್ಯವಿಲ್ಲದೆ ಕೈಗೆ ಎತ್ತಿಕೊಳ್ಳಬಾರದು. ಅನಿವಾರ್ಯವಿಲ್ಲದೆ ಎಂಬ ಮಾತನ್ನು ಎಚ್ಚರದಿಂದ ಸೇರಿಸಿದ್ದೇನೆ. ಆಸ್ಪತ್ರೆಯ ಸಿರಿಂಜು, ರೋಗಿಯ ಔಷಧದ ಹೊದಿಕೆ ಇವು ಪ್ರಯೋಜನವುಳ್ಳವು. ಗೃಹಸ್ಥನ ಆರಂಭೀ ಹಿಂಸೆಯ ಮಿತಿಯೊಳಗೆ ಬರುವಂಥವು. ಹತ್ತು ನಿಮಿಷದ ಊಟಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ, ಒಂದು ಗುಟುಕಿನ ಲೋಟ ಇವು ಅನರ್ಥದಂಡ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುವಾಗ, ನಿಷ್ಪ್ರಯೋಜನವಾಗಿ ಮಣ್ಣು, ನೀರು, ಬೆಂಕಿ, ಗಾಳಿ, ಸಸ್ಯಗಳನ್ನು ಬಾಧಿಸುವುದನ್ನು ಪ್ರಮಾದಚರ್ಯೆ ಎಂದು ಎಣಿಸಿದ್ದಾರೆ. ಇದನ್ನು ಬಿಡುವುದರಿಂದ ನಮ್ಮ ಯಾವ ಸುಖಕ್ಕೂ ನಿಜವಾದ ಕೊರತೆಯಿಲ್ಲ.

ಬಸದಿಗಳ ಆಡಳಿತ ಮಂಡಳಿಗಳಲ್ಲಿ ಒಂದು ವಿಜ್ಞಾಪನೆ. ತೆರೆದ ಸ್ಥಳದಲ್ಲಿ ಸಮಾರಂಭ ಏರ್ಪಡಿಸಿ ಪ್ಲಾಸ್ಟಿಕ್ ಹೊದಿಕೆಯಲ್ಲಿ ಆಹಾರ ಹಂಚುವವರು ಅಲ್ಲಿನ ಕಸವನ್ನು ವಿಂಗಡಿಸಿ ನಿರ್ವಹಿಸುವ ಹೊಣೆ ಹೊರಬೇಕೆಂದು 2016ರ ನಿಯಮಗಳೇ ಹೇಳುತ್ತವೆ. ಕಾನೂನು ಕೇಳುವುದು ಇಷ್ಟು. ನಾವು ಒಂದು ಹೆಜ್ಜೆ ಮುಂದೆ ಹೋಗಬಹುದು. ಪ್ರತಿ ಬಸದಿಯಲ್ಲಿ ಕೆಲವು ನೂರು ಸ್ಟೀಲ್ ಲೋಟಗಳೂ ತಟ್ಟೆಗಳೂ ಇದ್ದರೆ ವರ್ಷವಿಡೀ ಸಾಕು. ದೊಡ್ಡ ಉತ್ಸವಗಳಿಗೆ ನೆರೆಯ ಬಸದಿಗಳು ಪರಸ್ಪರ ಎರವಲು ಕೊಡಬಹುದು. ಬಾಳೆಲೆ, ಅಡಕೆ ಹಾಳೆಯ ತಟ್ಟೆ ನಮ್ಮ ನಾಡಿಗೆ ಹೊಸತಲ್ಲ. ಪ್ಲಾಸ್ಟಿಕ್ ಬಾಟಲಿಯ ನೀರು ಈ ನಿಷೇಧಗಳ ಪಟ್ಟಿಯಲ್ಲಿಲ್ಲವೆಂಬುದು ನಮಗೆ ಸಮಾಧಾನವಾಗಬಾರದು. ಸೋಸಿದ ನೀರನ್ನು ತಾಮ್ರದ ಹಂಡೆಯಲ್ಲಿಟ್ಟು ಬಡಿಸುವ ಸ್ವಯಂಸೇವಕರು ನಮ್ಮಲ್ಲಿದ್ದಾರೆ. ದಾನಿಗಳ ಹೆಸರನ್ನು ಫ್ಲೆಕ್ಸಿನಲ್ಲಿ ಬರೆಸುವ ಬದಲು ಬಟ್ಟೆಯಲ್ಲಿ ಬರೆಸಿದರೆ ದಾನದ ಪುಣ್ಯ ಕಡಮೆಯಾಗದು.

ನಮ್ಮ ಬಸದಿಯಲ್ಲಿ ಈಗ ಸ್ಟೀಲ್ ಲೋಟಗಳಿವೆ. ಉತ್ಸವದ ಮರುದಿನ ಅವುಗಳನ್ನು ತೊಳೆಯಲು ಒಂದು ಬೆಳಗು ಹಿಡಿಯುತ್ತದೆ. ಆ ಕೆಲಸವನ್ನು ನಾನೇ ಕೇಳಿ ಪಡೆದಿದ್ದೇನೆ. ಹಿಂದಿನ ಲೋಟಗಳನ್ನು ಕಡಲಿನಿಂದ ಮರಳಿ ತರುವ ಉಪಾಯ ನನ್ನಲ್ಲಿಲ್ಲ. ಪ್ರತಿಕ್ರಮಣವೆಂದರೆ ಆದ ತಪ್ಪನ್ನು ಒಪ್ಪಿ ಹಿಂದಿರುಗುವುದು. ಪ್ರತ್ಯಾಖ್ಯಾನವೆಂದರೆ ಮುಂದೆ ಅದನ್ನು ಮಾಡೆನೆಂದು ನಿಶ್ಚಯಿಸುವುದು. ಮೊದಲನೆಯದನ್ನು ಈ ಪುಟಗಳಲ್ಲಿ ಮಾಡಿದ್ದೇನೆ. ಎರಡನೆಯದನ್ನು ಸಾಧರ್ಮಿಕ ಬಂಧುಗಳೆಲ್ಲರೂ ಕೂಡಿ ಮಾಡಿದರೆ, ನಮ್ಮ ಹೊಳೆಗಳು ಕಡಲಿಗೆ ಒಯ್ಯುವ ಭಾರ ಅಷ್ಟರಮಟ್ಟಿಗಾದರೂ ಹಗುರವಾದೀತು.