ಇಂದಿನ ಧಮ್ಮ ಚಿಂತನೆ: ಮುದಿತಾ

 



2024ರ ಆಗಸ್ಟ್ 5, ಪ್ಯಾರಿಸ್ ಒಲಿಂಪಿಕ್ಸ್. ಮಹಿಳಾ ಜಿಮ್ನಾಸ್ಟಿಕ್ಸ್‌ನ ಫ್ಲೋರ್ ಫೈನಲ್. ಬ್ರೆಜಿಲ್‌ನ ರೆಬೆಕಾ ಆಂದ್ರಾದೆ ಅವರಿಗೆ 14.166 ಅಂಕ, ಅಮೆರಿಕದ ಸಿಮೋನ್ ಬೈಲ್ಸ್ ಅವರಿಗೆ 14.133. ಬೈಲ್ಸ್ ಎರಡು ಸಲ ಗೆರೆ ದಾಟಿದ್ದಕ್ಕೆ 0.6 ಅಂಕ ಕಡಿತವಾಗಿತ್ತು. ಚಿನ್ನ ತಪ್ಪಿದ್ದು ಬರೀ 0.033ರಿಂದ.

ಪದಕದ ವೇದಿಕೆಯಲ್ಲಿ ಬೈಲ್ಸ್ ಮತ್ತು ಅವರ ತಂಡದ ಜೋರ್ಡನ್ ಚೈಲ್ಸ್ ಎರಡೂ ಬದಿಯಿಂದ ಬಾಗಿ, ಕೈ ಚಾಚಿ ಆಂದ್ರಾದೆಗೆ ನಮಿಸಿದರು. ಮೂವರೂ ಕಪ್ಪು ಜನಾಂಗದ ಹೆಣ್ಣುಮಕ್ಕಳು. ಒಲಿಂಪಿಕ್ ಜಿಮ್ನಾಸ್ಟಿಕ್ಸ್ ವೇದಿಕೆಯಲ್ಲಿ ಹಾಗಾದದ್ದು ಅದೇ ಮೊದಲು. ಆಂದ್ರಾದೆಯ ತಾಯಿ ಮನೆಗೆಲಸ ಮಾಡಿ ಎಂಟು ಮಕ್ಕಳನ್ನು ಒಬ್ಬರೇ ಸಾಕಿದವರು. ಮಗಳ ಮಂಡಿಗೆ ಮೂರು ಸಲ ಶಸ್ತ್ರಚಿಕಿತ್ಸೆಯಾಗಿತ್ತು.

ಆ ಚಿತ್ರ ನೋಡಿ ನನಗೆ ಮೊದಲು ಮುಜುಗರವಾಯಿತು. ಬಾಗುವುದೆಂದರೆ ನನಗೆ ನೆನಪಾಗುವುದು ಊರ ದೊಡ್ಡವರ ಮನೆ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದ ನನ್ನಜ್ಜ. ಅವರ ಬೆನ್ನನ್ನು ಬಾಗಿಸಿದ್ದು ಹುಟ್ಟು ಮತ್ತು ಭಯ. ಇಲ್ಲಿ ಬಾಗಿದ್ದು ಇನ್ನೊಬ್ಬಳ ಶ್ರಮಕ್ಕೆ, ಸ್ವಂತ ಇಷ್ಟದಿಂದ. ಬಾಗಿದ್ದರಿಂದ ಯಾರೂ ಚಿಕ್ಕವರಾಗಲಿಲ್ಲ.

ಮೈತ್ರಿ, ಕರುಣೆ, ಮುದಿತಾ, ಉಪೇಕ್ಷೆ ಎಂದು ನಾವು ಪಠಿಸುತ್ತೇವೆ. ಕರುಣೆ ಸುಲಭ, ಏಕೆಂದರೆ ಅದು ಬಿದ್ದವರ ಮೇಲೆ. ಮುದಿತಾ ಎಂದರೆ ಗೆದ್ದವರ ಗೆಲುವಿಗೆ ಸಂತೋಷಪಡುವುದು. ಅದು ಕಷ್ಟ.

ಕಳೆದ ವರ್ಷ ನನ್ನ ಮಗ ಬರೆದ ಪರೀಕ್ಷೆಯನ್ನೇ ನಮ್ಮ ಕೇರಿಯ ಹುಡುಗಿಯೂ ಬರೆದಳು. ಅವಳಿಗೆ ಕೆಲಸ ಸಿಕ್ಕಿತು, ಇವನಿಗೆ ಸಿಗಲಿಲ್ಲ. ಅವಳ ತಾಯಿ ಸಿಹಿ ತಂದುಕೊಟ್ಟರು. ತೆಗೆದುಕೊಂಡೆ. 'ಒಳ್ಳೇದಾಯ್ತಕ್ಕಾ' ಎಂಬ ಒಂದು ಮಾತು ಬಾಯಿಂದ ಬರಲಿಲ್ಲ. ದಿನಾ ತ್ರಿಸರಣ ಹೇಳುವ ಬಾಯಿ ಅದು.

ಬಾಬಾಸಾಹೇಬರು ಜಾತಿಯನ್ನು ಶ್ರೇಣೀಕೃತ ಅಸಮಾನತೆ ಎಂದರು. ಆ ಏಣಿಯ ಪ್ರತಿ ಮೆಟ್ಟಿಲಲ್ಲೂ ಮನುಷ್ಯ ಪಕ್ಕದವರ ಏಳಿಗೆಗೆ ಅಂಜುತ್ತಾನೆ. ಏಣಿ ಬಿಟ್ಟು ಧಮ್ಮಕ್ಕೆ ಬಂದ ಮೇಲೂ ಆ ಅಂಜಿಕೆ ನನ್ನೊಳಗೆ ಕೂತಿತ್ತು. ನಮ್ಮವರೇ ಒಬ್ಬರು ಮೇಲೆ ಬಂದಾಗ ಹೊಟ್ಟೆ ಉರಿದರೆ, ಬಂಧುತ್ವ ಎಂಬುದು ಭಾಷಣದಲ್ಲೇ ಉಳಿಯುತ್ತದೆ.

ಇಂದು ಸಂಜೆ ನಾನು ಆ ಅಕ್ಕನ ಮನೆಗೆ ಹೋಗುತ್ತೇನೆ. ತಡವಾದರೂ ಆ ಮಾತು ಹೇಳಿ ಬರುತ್ತೇನೆ.

ಇಂದಿನ ಅಭ್ಯಾಸ: ಯಾರ ಗೆಲುವು ನಿಮ್ಮನ್ನು ಚುಚ್ಚಿದೆಯೋ ಅವರನ್ನು ನೆನೆದು ಐದು ನಿಮಿಷ ಕುಳಿತುಕೊಳ್ಳಿ. ಆಮೇಲೆ ಅವರಿಗೆ ಒಂದು ಫೋನ್ ಮಾಡಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.