ಹಳೆಯ ಕಾರಿಗೆ ಮಾತ್ರ ಏಕೆ ಈ ಮನ್ನಣೆ?

ಹಳೆಯದೆಲ್ಲಕ್ಕೂ ಬೆಲೆ ಬರುವುದಿಲ್ಲ. ಅಟ್ಟದ ಮೇಲಿನ ಮುರುಕು ತೊಟ್ಟಿಲಿಗೆ ಗುಜರಿಯವನು ನೂರು ರೂಪಾಯಿ ಕೊಡಲೂ ಹಿಂದೆ ಮುಂದೆ ನೋಡುತ್ತಾನೆ. ಅದೇ ಕಾಲದ ಒಂದು ದೊಡ್ಡ ಕಾರಿಗೆ ಕೋಟಿಗಟ್ಟಲೆ ಸುರಿಯುವವರಿದ್ದಾರೆ. ಎರಡೂ ಮನುಷ್ಯನ ಕೈಯಿಂದಲೇ ಆದವು, ಎರಡರಲ್ಲೂ ಒಂದು ಕಾಲದ ಬದುಕು ಅಡಗಿದೆ. ಹಾಗಾದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಎಸೆಯಬೇಕು ಎಂದು ನಿರ್ಧರಿಸುವವರು ಯಾರು? ಇದು ಹವ್ಯಾಸದ ಪ್ರಶ್ನೆಯಂತೆ ಕಂಡರೂ ನಿಜವಾಗಿ ನ್ಯಾಯದ ಪ್ರಶ್ನೆ.

ಹಳೆಯ ಟೂರಿಂಗ್ ಕಾರುಗಳ ಆಕರ್ಷಣೆಯನ್ನು ನಾವು ಅಲ್ಲಗಳೆಯುವುದಿಲ್ಲ. ಐದರಿಂದ ಏಳು ಜನ ಕೂರಬಹುದಾದ ಉದ್ದನೆಯ ಒಡಲು, ಮಡಚಬಹುದಾದ ಕ್ಯಾನ್ವಾಸ್ ಹೊದಿಕೆ, ಬದಿಗೆ ಗಾಜಿಲ್ಲದ ಬಾಗಿಲು, ಮುಂದೆ ಎರಡು ದೊಡ್ಡ ದೀಪಗಳು. 1910ರಿಂದ 1920ರ ದಶಕದ ನಡುವಿನವರೆಗೆ ಕಾರು ಎಂದರೆ ಹೆಚ್ಚಾಗಿ ಇಂಥದ್ದೇ. 1928ರಲ್ಲಿ ಜನರಲ್ ಮೋಟಾರ್ಸ್ ಕಂಪನಿ ಮುಂಬಯಿಯಲ್ಲಿ ಜೋಡಣಾ ಕಾರ್ಖಾನೆ ತೆರೆದ ಮೇಲೆ ಅಮೆರಿಕದ ಗಾಡಿಗಳು ನಮ್ಮ ಕಡೆಗೂ ಹತ್ತಿರವಾದವು. ಈಗಿನ ಕಾರಿನ ಬಾನೆಟ್ ಎತ್ತಿದರೆ ಪ್ಲಾಸ್ಟಿಕ್ ಮುಚ್ಚಳವಲ್ಲದೆ ಬೇರೇನೂ ಕಾಣದು. ಆ ಕಾರಿನಲ್ಲಿ ಪೆಟ್ರೋಲ್ ಎಲ್ಲಿಂದ ಬರುತ್ತದೆ, ಕಿಡಿ ಎಲ್ಲಿ ಹಾರುತ್ತದೆ ಎಂಬುದನ್ನು ಬೆರಳಿಟ್ಟು ತೋರಿಸಬಹುದು. ಅರ್ಥವಾಗುವ ಯಂತ್ರದ ಮೇಲೆ ಮನುಷ್ಯನಿಗೆ ಪ್ರೀತಿ ಹುಟ್ಟುವುದು ಸಹಜ.

ಆದರೆ ಆ ತೆರೆದ ಕಾರಿಗೆ ಇನ್ನೊಂದು ಗುಣವೂ ಇತ್ತು. ಒಳಗೆ ಕುಳಿತವನನ್ನು ಇಡೀ ಊರು ನೋಡಬಹುದಿತ್ತು. 1948ರ ಮಾರ್ಚ್‌ನಲ್ಲಿ ಮುಂಬಯಿ ಪ್ರಾಂತಕ್ಕೆ ಸೇರುವವರೆಗೆ ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳಿದರು. ಸಂಸ್ಥಾನಗಳ ಆ ಕಾಲದಲ್ಲಿ ಮೋಟಾರು ಬರೀ ಸವಾರಿಯಾಗಿರಲಿಲ್ಲ, ಅಂಬಾರಿಯ ಜಾಗಕ್ಕೆ ಬಂದ ಲಾಂಛನವಾಗಿತ್ತು. ಡಾಂಬರು ಕಾಣದ ರಸ್ತೆಯಲ್ಲಿ ದೊಡ್ಡ ಕಾರು ಹೋದರೆ ವೈಭವ ಒಳಗಿದ್ದವರಿಗೆ, ಧೂಳು ನಡೆದು ಹೋಗುವವರಿಗೆ. ಇಂದು ಆ ಕಾರನ್ನು ಹೊಳೆಯುವಂತೆ ಒರೆಸಿ ನಿಲ್ಲಿಸುವಾಗ ಧೂಳಿನ ನೆನಪನ್ನೂ ಒರೆಸಿಬಿಡುತ್ತೇವೆ.

ದೊಡ್ಡಸ್ತಿಕೆಗೆ ಕಾಲವೇ ಪಾಠ ಹೇಳಿದ ಉದಾಹರಣೆಯೂ ಉಂಟು. ಫ್ರಾನ್ಸಿನಲ್ಲಿ ಎತ್ತೋರೆ ಬುಗಾಟಿ ಎಂಬಾತ 1920ರ ದಶಕದ ಕೊನೆಯಲ್ಲಿ ಅರಸರಿಗೆಂದೇ ‘ರೊಯಾಲ್’ ಎಂಬ ಕಾರು ರೂಪಿಸಿದ. ಅದರ ಎಂಜಿನ್ 12.7 ಲೀಟರಿನದು. 25 ಕಾರು ಮಾಡುವ ಯೋಜನೆಯಿತ್ತು. ಆದದ್ದು ಏಳು, ಆಗ ಹೊರಗಿನ ಗಿರಾಕಿಗಳಿಗೆ ಮಾರಿದ್ದು ಮೂರೇ. ಒಬ್ಬ ಅರಸನೂ ಕೊಳ್ಳಲಿಲ್ಲ. ಜಗತ್ತೆಲ್ಲ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದ ಹೊತ್ತು ಅದು. ಕೊನೆಗೆ ಆ ಎಂಜಿನ್‌ಗಳನ್ನು ರೈಲು ಬೋಗಿಗಳಿಗೆ ಜೋಡಿಸಲಾಯಿತು. ಅರಸರಿಗೆ ಬೇಡವಾದದ್ದು ಟಿಕೆಟ್ ಕೊಂಡು ಕೂತ ಸಾಮಾನ್ಯ ಜನರನ್ನು ಹೊತ್ತು ವರ್ಷಗಟ್ಟಲೆ ಓಡಿತು. ಆದರೆ 1987ರ ಹರಾಜಿನಲ್ಲಿ ಸುಮಾರು 55 ಲಕ್ಷ ಪೌಂಡ್ ಬಾಳಿದ್ದು ದುಡಿದ ರೈಲಲ್ಲ, ರೊಯಾಲ್ ಕಾರು. ಸಂಗ್ರಹದ ಮಾರುಕಟ್ಟೆ ಅಪರೂಪಕ್ಕೆ ಬೆಲೆ ಕಟ್ಟುತ್ತದೆ, ಉಪಕಾರಕ್ಕಲ್ಲ.

ನಮ್ಮ ಕಾನೂನಿನಲ್ಲೂ ಈ ತಾರತಮ್ಯದ ನೆರಳಿದೆ. 2021ರ ಜುಲೈಯಲ್ಲಿ ಕೇಂದ್ರ ಸರಕಾರ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಗಳನ್ನು ‘ವಿಂಟೇಜ್’ ಎಂದು ಗುರುತಿಸಿ ಪ್ರತ್ಯೇಕ ನೋಂದಣಿ ಸಂಖ್ಯೆ ನೀಡುವ ನಿಯಮ ತಂದಿತು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಮರುತಿಂಗಳೇ ಹಳೆಯ ವಾಹನಗಳ ಗುಜರಿ ನೀತಿ ಬಂತು. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. ಹೊಗೆ ಮತ್ತು ಸುರಕ್ಷತೆಯ ಕಾರಣ ನಿಜವಾದದ್ದೇ, ಅದನ್ನು ತಳ್ಳಿಹಾಕಲಾಗದು. ಆದರೂ ಒಂದು ಮಾತು ಯೋಚಿಸಬೇಕು. 15 ವರ್ಷವಾದರೆ ಅದು ಮುದಿ ಗಾಡಿ, 50 ವರ್ಷವಾದರೆ ಪರಂಪರೆ. ನಡುವಿನ 35 ವರ್ಷ ಗಾಡಿಯನ್ನು ಕೆಲಸವಿಲ್ಲದೆ ಷೆಡ್ಡಿನಲ್ಲಿಟ್ಟು ಸಾಕುವ ಶಕ್ತಿ ಯಾರಿಗಿದೆ? ಬನಹಟ್ಟಿಯಿಂದ ಸೀರೆಯ ಗಂಟು ಸಾಗಿಸುವ ಟೆಂಪೊದವನಿಗಂತೂ ಇಲ್ಲ.

ಹಳೆಯದು ಎನ್ನುವ ಮಾತಿಗೂ ಎರಡು ಅರ್ಥಗಳಿವೆ. ಬೀಳಗಿ ಕಡೆಯ ರೈತನೊಬ್ಬ ‘ಇದು ನಮ್ಮಜ್ಜನ ಚಕ್ಕಡಿ’ ಎನ್ನುತ್ತಾನೆ ಎಂದುಕೊಳ್ಳಿ. ಬಡಿಗ ಅದರ ಗಾಲಿ ಬದಲಿಸಿರುತ್ತಾನೆ, ಕಮ್ಮಾರ ಅಚ್ಚು ಬದಲಿಸಿರುತ್ತಾನೆ, ಮೂಕಿಯೂ ಹೊಸದಿರಬಹುದು. ಆದರೂ ಅದು ಅಜ್ಜನದೇ, ಏಕೆಂದರೆ ಅಜ್ಜ ಬಿಟ್ಟ ಕೆಲಸವನ್ನು ಅದು ಮುಂದುವರಿಸಿದೆ. ಸಂಗ್ರಾಹಕನ ಲೆಕ್ಕ ಬೇರೆ: ಬಣ್ಣ, ಬೋಲ್ಟು, ಆಸನದ ಚರ್ಮ ಮೊದಲಿನದೇ ಇದ್ದಷ್ಟೂ ಬೆಲೆ ಹೆಚ್ಚು. ಒಂದು ದುಡಿಯುತ್ತಾ ಉಳಿಯುತ್ತದೆ, ಇನ್ನೊಂದು ನಿಂತು ಉಳಿಯುತ್ತದೆ. ಎರಡಕ್ಕೂ ಜಾಗವಿರಲಿ, ಎರಡನೆಯದಕ್ಕೆ ಮಾತ್ರ ಪರಂಪರೆ ಎಂಬ ಹೆಸರು ಸಲ್ಲಬೇಕೇ?

ನಿಂತ ಕಾರು ಕೂಡ ತಾನಾಗಿ ಉಳಿಯುವುದಿಲ್ಲ. ಬಿಡಿಭಾಗ ಸಿಗದಿದ್ದಾಗ ಲೇತಿನಲ್ಲಿ ತಿರುಗಿಸಿ ಹೊಸದು ಮಾಡಿಕೊಟ್ಟ ಮಿಸ್ತ್ರಿ, ಶಬ್ದ ಕೇಳಿಯೇ ರೋಗ ಹೇಳಿದ ಡ್ರೈವರ್, ತಗಡು ಬಡಿದು ನೇರ ಮಾಡಿದವನು, ಹುಡ್ ಹೊಲಿದ ದರ್ಜಿ—ಇವರ ಕೈ ಇಲ್ಲದೆ ಯಾವ ಕಾರೂ ನೂರು ವರ್ಷ ಬಾಳದು. ಫಲಕದ ಮೇಲೆ ಮಾಲೀಕನ ಹೆಸರಿರುತ್ತದೆ, ಕಂಪನಿಯ ಹೆಸರಿರುತ್ತದೆ, ಇವರದಿರುವುದಿಲ್ಲ. ಮುಧೋಳದ ನಾಯಿಯ ಕತೆಯೂ ಹೀಗೆಯೇ. ಬ್ರಿಟನ್ನಿನ ದೊರೆ ಐದನೆಯ ಜಾರ್ಜ್‌ಗೆ ಅದನ್ನು ಕಾಣಿಕೆ ಕೊಟ್ಟ ರಾಜಾ ಮಾಲೋಜಿರಾವ್ ಘೋರ್ಪಡೆಯವರ ಹೆಸರು ಉಳಿಯಿತು, 2005ರಲ್ಲಿ ಆ ನಾಯಿಯ ಅಂಚೆಚೀಟಿಯೂ ಬಂತು. ಅದನ್ನು ಬೇಟೆಗೆ ಪಳಗಿಸಿ ಅಂಗಳದಲ್ಲಿ ಸಾಕುತ್ತಾ ಬಂದವರ ಹೆಸರು ಎಲ್ಲಿಯೂ ಇಲ್ಲ.

ಕಾರು ಸಂಗ್ರಹ ತಪ್ಪೆಂದು ನಮ್ಮ ವಾದವಲ್ಲ. ಧರ್ಮಸ್ಥಳದ ಸಂಗ್ರಹ, 2023ರಲ್ಲಿ ಶ್ರೀರಂಗಪಟ್ಟಣದ ಬಳಿ ತೆರೆದ ‘ಪಯಣ’ ಸಂಗ್ರಹಾಲಯ ಇವುಗಳಿಂದ ಒಬ್ಬರ ಮನೆಯಲ್ಲಿ ಮುಚ್ಚಿಡಬಹುದಾಗಿದ್ದ ವಸ್ತು ಶಾಲೆಯ ಮಕ್ಕಳ ಕಣ್ಣಿಗೂ ಬೀಳುವಂತಾಯಿತು. ಬಚ್ಚಿಟ್ಟ ಸಂಪತ್ತಿಗಿಂತ ಹಂಚಿಕೊಂಡ ನೆನಪು ದೊಡ್ಡದು. ಆದರೆ ನೆನಪನ್ನು ಹಂಚುವಾಗ ತಕ್ಕಡಿ ಸಮವಾಗಿರಬೇಕು. ರಬಕವಿ–ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗಗಳು ಬಂದ ಮೇಲೆ, ನೆಲದ ಕುಳಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ ಕೈಮಗ್ಗಗಳು ಒಂದೊಂದಾಗಿ ಮೂಲೆ ಸೇರಿದವು. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ಬೀಳಗಿ ತಾಲ್ಲೂಕಿನ ಜನ ಪುನರ್ವಸತಿ ಕೇಂದ್ರಗಳಿಗೆ ಹೊತ್ತು ತಂದದ್ದು ಸ್ವಲ್ಪ, ನೀರಿಗೆ ಬಿಟ್ಟದ್ದು ಬಹಳ. ಇವುಗಳಿಗೆ ಹರಾಜು ಕೂಗುವವರಿಲ್ಲ.

ಜಮಖಂಡಿಯಲ್ಲೋ ಮುಧೋಳದಲ್ಲೋ ನಾಳೆ ಒಂದು ಹಳೆಯ ಕಾರನ್ನು ಪ್ರದರ್ಶನಕ್ಕಿಟ್ಟರೆ ನಾವೂ ಹೋಗಿ ನೋಡೋಣ, ಮಕ್ಕಳಿಗೂ ತೋರಿಸೋಣ. ಅದರ ಪಕ್ಕದಲ್ಲಿ ಒಂದು ಕೈಮಗ್ಗ, ಒಂದು ಚಕ್ಕಡಿ ಇರಲೆಂದು ಕೇಳೋಣ. ಅದನ್ನು ಓಡಿಸಿದವರ, ರಿಪೇರಿ ಮಾಡಿದವರ ಹೆಸರು ತಿಳಿದಷ್ಟನ್ನಾದರೂ ಬರೆದಿಡಿ ಎಂದು ಕೇಳೋಣ. ಆ ಹೆಸರು ಹೇಳಬಲ್ಲ ಹಿರಿಯರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಕಾರಿನ ಬಿಡಿಭಾಗವನ್ನು ಲೇತಿನಲ್ಲಿ ಮತ್ತೆ ಮಾಡಿಕೊಳ್ಳಬಹುದು, ಮರೆತ ಹೆಸರನ್ನು ಮಾಡಿಕೊಳ್ಳಲಾಗದು.