ಶಿಲುಬೆ ಮತ್ತು ಶ್ರದ್ಧೆ

ಭಯಾನಕ ಚಲಚ್ಚಿತ್ರಗಳ ಸಂಪ್ರದಾಯಗಳು ಪ್ರೇಕ್ಷಕರಿಗೆಲ್ಲ ಸುಪರಿಚಿತವಾದುವು: ಪಾಳುಬಂಗಲೆ, ತಾನಾಗಿ ತೆರೆದುಕೊಳ್ಳುವ ಬಾಗಿಲು, ಬೇಡವೆಂದರೂ ನೆಲಮಾಳಿಗೆಗೆ ಇಳಿಯುವ ಒಂಟಿ ಹುಡುಗಿ. ಇವೆಲ್ಲ ನೋಡುವವರ ನಾಡಿಯನ್ನು ಬಲ್ಲ ಕುಶಲಿಗಳ ಉಪಾಯಗಳು. ಅವುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಆದರೆ ಪಾಶ್ಚಾತ್ಯ ಚಿತ್ರಗಳಲ್ಲಿ ರಕ್ತಪಿಪಾಸುವಾದ ಪಿಶಾಚದೆದುರು ಶಿಲುಬೆಯನ್ನೆತ್ತಿ ಹಿಡಿಯುವ ಸಂಪ್ರದಾಯವೊಂದು ಮಾತ್ರ ಧರ್ಮಜಿಜ್ಞಾಸೆಯ ಅತಿ ಪ್ರಾಚೀನ ಪ್ರಶ್ನೆಯೊಂದನ್ನು ನಮ್ಮ ಮುಂದಿಡುತ್ತದೆ: ಕಾಯುವ ಶಕ್ತಿ ಇರುವುದು ಪವಿತ್ರವಸ್ತುವಿನಲ್ಲೋ, ಅದನ್ನು ಹಿಡಿದವನ ಶ್ರದ್ಧೆಯಲ್ಲೋ?

ಟೆರೆನ್ಸ್ ಫಿಶರ್ 1958ರಲ್ಲಿ ಇಂಗ್ಲೆಂಡಿನಲ್ಲಿ ನಿರ್ದೇಶಿಸಿದ 'ಡ್ರಾಕುಲಾ' ಚಿತ್ರದ ಕೊನೆಯಲ್ಲಿ, ಪೀಟರ್ ಕುಶಿಂಗ್ ಅಭಿನಯಿಸಿದ ಪಿಶಾಚಹಂತಕ ವ್ಯಾನ್ ಹೆಲ್ಸಿಂಗ್ ಕಿಟಕಿಯ ಪರದೆಯನ್ನು ಸೆಳೆದು ಕೆಡವಿ ಹಗಲ ಬೆಳಕನ್ನು ಒಳಗೆ ಬಿಟ್ಟು, ಮೇಣದಬತ್ತಿ ನಿಲ್ಲಿಸುವ ಎರಡು ಕಂಬಗಳನ್ನು ಒಂದಕ್ಕೊಂದು ಅಡ್ಡವಾಗಿ ಹಿಡಿಯುತ್ತಾನೆ. ಅಷ್ಟಕ್ಕೇ ರಕ್ತಪಿಪಾಸು ಪಿಶಾಚವಾದ ಡ್ರಾಕುಲಾ ಹಿಮ್ಮೆಟ್ಟಿ, ಬಿಸಿಲಿಗೆ ಸಿಕ್ಕಿ ಬೂದಿಯಾಗುತ್ತಾನೆ. ಯಾವ ಪಾದ್ರಿಯೂ ಆ ಕಂಬಗಳನ್ನು ಅಭಿಮಂತ್ರಿಸಿರಲಿಲ್ಲ, ಆಕೃತಿಯೇ ಸಾಕಾಯಿತು. 1985ರ 'ಫ್ರೈಟ್ ನೈಟ್' ಚಿತ್ರದಲ್ಲಾದರೋ, ದೂರದರ್ಶನದಲ್ಲಿ ಪಿಶಾಚಹಂತಕನ ವೇಷ ಹಾಕಿ ಹೊಟ್ಟೆ ಹೊರೆಯುವ ನಟನೊಬ್ಬ ಶಿಲುಬೆಯನ್ನು ತೋರಿದಾಗ, ಪಿಶಾಚವು ಅದನ್ನು ಕಸಿದು ಹಿಚುಕಿ, ನಂಬಿಕೆಯಿಲ್ಲದವನ ಕೈಯಲ್ಲಿ ಇದು ನಿಷ್ಫಲವೆಂದು ಹಂಗಿಸುತ್ತದೆ.

ಈ ವಿವಾದ ಸಿನಿಮಾದಲ್ಲಿ ಹುಟ್ಟಿದುದಲ್ಲ. 303ರಲ್ಲಿ ರೋಮನ್ ಚಕ್ರವರ್ತಿ ಡಯೊಕ್ಲೀಷನ್ ಕ್ರೈಸ್ತರನ್ನು ಹಿಂಸಿಸತೊಡಗಿದಾಗ ಪ್ರಾಣಭಯದಿಂದ ಧರ್ಮಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದ ಬಿಷಪ್ಪರಿಂದ ಪಡೆದ ಸಂಸ್ಕಾರಕ್ಕೆ ಬೆಲೆಯಿಲ್ಲವೆಂದು ಉತ್ತರ ಆಫ್ರಿಕದ ಡೊನೇಟಿಸ್ಟರೆಂಬ ಕ್ರೈಸ್ತ ಪಂಥದವರು ಹಠ ಹಿಡಿದರು. ಸಂಸ್ಕಾರವು ಕ್ರಿಸ್ತನದೇ ಹೊರತು ನೀಡುವವನದಲ್ಲವಾದ್ದರಿಂದ ನೀಡುವವನ ಕಳಂಕ ಅದಕ್ಕೆ ತಗಲದೆಂದು ಹಿಪ್ಪೊ ನಗರದ ಬಿಷಪ್ ಸಂತ ಅಗಸ್ಟಿನ್ ಉತ್ತರವಿತ್ತನು. ಪಾದ್ರಿಯ ಅಂತರಂಗವನ್ನು ಪರೀಕ್ಷಿಸಲಾರದ ಬಡಭಕ್ತನಿಗೆ ಅಭಯವೀಯುವ ಆ ಉತ್ತರದಲ್ಲಿ ಮಹತ್ತಾದ ಕರುಣೆಯಿದೆ. ಆದರೆ ಅದನ್ನೇ ಸ್ಥೂಲವಾಗಿ ಗ್ರಹಿಸಿದರೆ ಶಿಲುಬೆಯು ಕತ್ತಿ, ಬಂದೂಕುಗಳ ಸಾಲಿನ ಮತ್ತೊಂದು ಆಯುಧವಾದೀತು. ಶ್ರದ್ಧೆಯೇ ಸರ್ವಸ್ವವೆಂದರೆ ದೇವರ ಶಕ್ತಿ ನಮ್ಮ ಮನೋಬಲದ ಇನ್ನೊಂದು ಹೆಸರಾದೀತು.

ಈ ಇಕ್ಕಟ್ಟನ್ನು ಎದುರಿಸಿದ ಚಿತ್ರವೆಂದರೆ, ಕ್ಯಾಥೊಲಿಕ್ ಲೇಖಕ ವಿಲಿಯಂ ಪೀಟರ್ ಬ್ಲ್ಯಾಟಿಯ ಕಾದಂಬರಿಯನ್ನಾಧರಿಸಿ ವಿಲಿಯಂ ಫ್ರೀಡ್ಕಿನ್ 1973ರಲ್ಲಿ ನಿರ್ದೇಶಿಸಿದ 'ದಿ ಎಕ್ಸಾರ್ಸಿಸ್ಟ್'. ಅದರಲ್ಲಿ ಪಾದ್ರಿಯೂ ಮನೋವೈದ್ಯನೂ ಆದ, ನಂಬಿಕೆ ಕುಸಿದ ಕ್ಯಾರಸ್, ಹುಡುಗಿಯೊಬ್ಬಳನ್ನು ಹಿಡಿದಿರುವುದು ಪಿಶಾಚವೋ ರೋಗವೋ ಎಂದು ತಿಳಿಯಲು, ಪವಿತ್ರಜಲವೆಂದು ಹೇಳಿ ನಲ್ಲಿಯ ನೀರನ್ನು ಚಿಮುಕಿಸುತ್ತಾನೆ. ಅವಳು ಸುಟ್ಟವಳಂತೆ ಹೊರಳಾಡಿ ಚೀರುತ್ತಾಳೆ. ಬರಿಯ ನೀರಿಗೇ ಹೀಗಾದುದರಿಂದ ಅವನ ಸಂಶಯ ಮತ್ತಷ್ಟು ಬಲಿಯುತ್ತದೆ. ಮುಂದೆ ದೃಢಶ್ರದ್ಧೆಯ ವೃದ್ಧ ಪಾದ್ರಿ ಮೆರಿನ್ ವಿಧ್ಯುಕ್ತವಾಗಿ ಉಚ್ಚಾಟನೆಗೆ ತೊಡಗಿ, ಕಾರ್ಯ ಮುಗಿಯುವ ಮುನ್ನವೇ ಹೃದಯ ಸೋತು ಸಾಯುತ್ತಾನೆ. ವಿಧಿಯೂ ಇದ್ದಿತು, ಶ್ರದ್ಧೆಯೂ ಇದ್ದಿತು, ಹುಡುಗಿಗೆ ಬಿಡುಗಡೆಯಾಗಲಿಲ್ಲ. ಕಡೆಗೆ ಸಂಶಯಗ್ರಸ್ತನಾದ ಕ್ಯಾರಸನೇ, ಅವಳನ್ನು ಬಿಟ್ಟು ತನ್ನನ್ನು ಹಿಡಿಯೆಂದು ಪಿಶಾಚವನ್ನು ಕೂಗಿ ಕರೆದು, ತನ್ನೊಳಹೊಕ್ಕ ಅದು ತನ್ನ ಕೈಗಳಿಂದಲೇ ಆ ಮಗುವನ್ನು ಕೊಲ್ಲಿಸುವ ಮೊದಲೇ ಕಿಟಕಿಯಿಂದ ಹಾರಿ, ಕಲ್ಲಿನ ಮೆಟ್ಟಿಲುಗಳ ಮೇಲೆ ಉರುಳುತ್ತಾನೆ.

ಇದು ಆತ್ಮಹತ್ಯೆಯಲ್ಲವೆ ಎಂದು ಕೇಳುವವರುಂಟು. ಕ್ರೈಸ್ತಧರ್ಮವು ಅದನ್ನು ಘೋರಪಾಪವೆಂದು ಎಣಿಸಿರುವುದರಿಂದ ಪ್ರಶ್ನೆ ನ್ಯಾಯವಾದುದೇ. ಆದರೂ ಪರರ ಮಗುವಿಗಾಗಿ ತನ್ನನ್ನೊಡ್ಡಿಕೊಂಡ ಆ ಕ್ಷಣದಲ್ಲಿ, ಅವನು ಕಳೆದುಕೊಂಡಿದ್ದ ಶ್ರದ್ಧೆ ಕೃತಿರೂಪವಾಗಿ ಮರಳಿತೆಂದೇ ನಾನು ನಂಬುತ್ತೇನೆ. ಶಿಲುಬೆಯ ಮೇಲೆ ಸತ್ತವನು ಮಾಡಿದುದೂ ಪರರಿಗಾಗಿ ತನ್ನನ್ನು ಕೊಟ್ಟುಕೊಳ್ಳುವುದನ್ನೇ ಅಲ್ಲವೆ? ಈ ಚಿತ್ರವನ್ನು ಅಂಜಿಕೆಯ ಸುಖಕ್ಕಾಗಿ ಮಾತ್ರ ನೋಡಿದವರು ಮತ್ತೊಮ್ಮೆ ನೋಡಬೇಕೆಂದೂ, ಆಗ ಹುಡುಗಿಯ ವಿಕಾರರೂಪದಿಂದ ಕಣ್ಣು ತೆಗೆದು ಕ್ಯಾರಸನ ಮುಖವನ್ನು ಗಮನಿಸಬೇಕೆಂದೂ ನನ್ನ ಪ್ರಾರ್ಥನೆ.